ಪಿಕಪ್ಪಿಗೆ ಬಂದ ಕೈ

ಮಧ್ಯಾಹ್ನ ಮೂರರ ಗಂಟೆ ಬಾರಿಸಿತೆಂದರೆ ನಮ್ಮ ಶಾಲೆಯ ಗೇಟಿನ ಬಳಿ ಒಂದೇ ಕೂಗು. "ಪಿಕಪ್, ಪಿಕಪ್, ಯಾರ್ದಪ್ಪ ಪಿಕಪ್ಪು?"

ಕೂಗುತ್ತಿದ್ದವಳು ಗೇಟಕ್ಕ. ಆಕೆಗೆ ಬೇರೆ ಹೆಸರಿತ್ತು. ಸಂಬಳದ ದಿನ ಗುಮಾಸ್ತರು ಕೂಗುವುದನ್ನು ಬಿಟ್ಟರೆ ಅದನ್ನು ಯಾರೂ ಬಳಸಿದ್ದನ್ನು ನಾನು ಕಾಣೆ. ಮಕ್ಕಳಿಗೂ ಗೇಟಕ್ಕ, ಮಕ್ಕಳ ತಂದೆತಾಯಿಗಳಿಗೂ ಗೇಟಕ್ಕ, ಎರಡನೆಯ ತರಗತಿಗೆ ಪಾಠ ಹೇಳುತ್ತಿದ್ದ ನನಗೂ ಗೇಟಕ್ಕ.

ಆಕೆಗೆ ಬರುತ್ತಿದ್ದ ಇಂಗ್ಲಿಷು ಅದೊಂದೇ ಮಾತು. ಆದರೆ ಆ ಒಂದು ಮಾತಿನಿಂದ ಆಕೆ ಇಡೀ ದಿನದ ಸಂಸಾರ ತೂಗಿಸುತ್ತಿದ್ದಳು. ನೆಲದ ಮೇಲೆ ಪೆನ್ಸಿಲು ಬಿದ್ದಿದ್ದರೆ "ಅದನ್ನ ಪಿಕಪ್ ಮಾಡೋ ಮಗನೇ" ಎನ್ನುವಳು. ಜ್ವರ ಬಿಟ್ಟು ಶಾಲೆಗೆ ಬಂದ ಮಗುವಿನ ಕೆನ್ನೆ ಮುಟ್ಟಿ, "ಇನ್ನೂ ಪಿಕಪ್ ಆಗಿಲ್ಲ ಇವಳು, ಎರಡು ದಿನ ಮನೇಲಿ ಇಟ್ಕೊಳ್ಳಿ" ಎಂದು ತಾಯಿಗೆ ಹೇಳುವಳು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಲ್ಲಿಗೆ ಪಿಕಪ್ ಇಲ್ಲ. ನಾನು ಮಗ್ಗಿ ಹೇಳಿಸುವುದನ್ನು ಕಿಟಕಿಯಿಂದ ಕೇಳಿಸಿಕೊಂಡು, "ಏನ್ ಮೇಷ್ಟ್ರೇ, ಏಳರ ಮಗ್ಗೀಲಿ ನಿಮ್ಮ ಹುಡುಗರಿಗೆ ಪಿಕಪ್ಪೇ ಇಲ್ವಲ್ಲ" ಎಂದು ಕೆಣಕುವಳು. ಆಕೆಯಿಂದ ಆ ಮಾತು ನಮಗೆಲ್ಲ ಅಂಟಿಕೊಂಡಿತ್ತು. ದೊಡ್ಡ ಮೇಡಂ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಒಂದು ದಿನ ಸಭೆಯಲ್ಲಿ "ಶಾಲೆಯ ಫಲಿತಾಂಶ ಪಿಕಪ್ ಆಗಬೇಕು" ಎಂದಾಗ ಹಿಂದಿನ ಸಾಲಿನಲ್ಲಿ ನಗು ತಡೆಯಲಾಗಲಿಲ್ಲ.

ಆದರೆ ಸಂಜೆಯ ಪಿಕಪ್ಪು ಮಾತ್ರ ಆಕೆಗೆ ನಗುವ ವಿಷಯವಾಗಿರಲಿಲ್ಲ.

ಶಾಲೆಯ ಮುಂದಿನ ಬೀದಿ ಇಕ್ಕಟ್ಟು. ಲಾರಿಗಳು ಗೋಡೆಗೆ ಉಜ್ಜಿಕೊಂಡಂತೆ ಹೋಗುತ್ತಿದ್ದವು. ಆದ್ದರಿಂದ ದೊಡ್ಡ ತಗಡಿನ ಗೇಟನ್ನು ಸಂಜೆ ತೆರೆಯುತ್ತಿರಲಿಲ್ಲ. ಅದರಲ್ಲಿ ಮಗುವೊಂದು ನೆಟ್ಟಗೆ ದಾಟುವಷ್ಟು ಎತ್ತರದ ಪುಟ್ಟ ಬಾಗಿಲಿತ್ತು. ಹೊರಗೆ ನಿಂತ ದೊಡ್ಡವರು ಆ ಬಾಗಿಲಿನಿಂದ ಕೈ ಒಳಗೆ ಚಾಚಬೇಕು. ಒಳಗೆ ಸ್ಟೂಲಿನ ಮೇಲೆ ಕುಳಿತ ಗೇಟಕ್ಕ ಕೈ ನೋಡಿ, ಮಗುವಿನ ಹೆಸರು ಕೂಗಿ, ಅದರ ಪುಟ್ಟ ಕೈಯನ್ನು ಆ ಕೈಯೊಳಗೆ ಇಡುವಳು. ಮುಖ ಕಾಣುತ್ತಿರಲಿಲ್ಲ, ತಗಡು ಅಡ್ಡ.

ಕೈ ನೋಡಿ ಜನರನ್ನು ಗುರುತಿಸುವುದು ಆಕೆಗೆ ಹೊಸತೇನಲ್ಲ. ಶಾಲೆಗೆ ಬರುವ ಮೊದಲು ಹದಿನೆಂಟು ವರ್ಷ ಕೈಗವಸಿನ ಕಾರ್ಖಾನೆಯಲ್ಲಿ ದುಡಿದವಳು. ಚರ್ಮ ಕತ್ತರಿಸುವುದು, ಬೆರಳು ಜೋಡಿಸುವುದು, ಹೊಲಿಗೆ ತಪಾಸಣೆ, ಎಲ್ಲ ಮಾಡಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿಗೆ ಬಂದಳು. ಬರುವಾಗ ಅಲ್ಲಿನ ಅಭ್ಯಾಸವೊಂದನ್ನು ಜೊತೆಗೆ ತಂದಳು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ವಾರ, ಮಗುವನ್ನು ಕರೆದೊಯ್ಯಲು ಬರುವವರೆಲ್ಲ ಆಕೆಯ ದಪ್ಪ ಪುಸ್ತಕದ ಮೇಲೆ ಅಂಗೈ ಊರಬೇಕು. ಆಕೆ ಪೆನ್ಸಿಲಿನಿಂದ ಬೆರಳ ಸುತ್ತ ಗೆರೆ ಎಳೆಯುವಳು. ಒಂದು ಮಗುವಿಗೆ ಒಂದು ಪುಟ. ಅಮ್ಮನ ಕೈ, ಅಪ್ಪನ ಕೈ, ಅಜ್ಜಿಯ ಕೈ. ಇದೇ ಪಿಕಪ್ ಪುಸ್ತಕ.

ಮೊದಮೊದಲು ನಾವೆಲ್ಲ ನಕ್ಕೆವು. ಒಂದು ಮಗುವಿನ ಚಿಕ್ಕಪ್ಪ ಆಕೆಯನ್ನು ಪರೀಕ್ಷಿಸಲೆಂದು ಕೈಗವಸು ತೊಟ್ಟು ಕೈ ಚಾಚಿದ. ಗೇಟಕ್ಕ ಒಂದು ಗಳಿಗೆ ನೋಡಿ, "ಚಿಕ್ಕಪ್ಪಾ, ನಿಮ್ಮ ಕಿರುಬೆರಳು ಗಿಡ್ಡ. ಕೊನೇಲಿ ಚರ್ಮ ಖಾಲಿ ನೇತಾಡ್ತಿದೆ. ಒಂದು ಸೈಜು ಚಿಕ್ಕದು ಕೊಂಡ್ಕೊಳ್ಳಿ" ಎಂದಳು. ಅಲ್ಲಿಂದಾಚೆಗೆ ಯಾರೂ ನಗಲಿಲ್ಲ. ಹದಿನಾಲ್ಕು ವರ್ಷ ಒಂದು ಮಗುವೂ ತಪ್ಪು ಕೈಗೆ ಹೋಗಲಿಲ್ಲ.

ಆಕೆ ಪುಸ್ತಕಕ್ಕಿಂತಲೂ ನಂಬುತ್ತಿದ್ದದ್ದು ಇನ್ನೊಂದನ್ನು. "ಮಗೂನ ಬೆರಳು ನೋಡ್ಬೇಕು ಮೇಷ್ಟ್ರೇ" ಎನ್ನುತ್ತಿದ್ದಳು. "ಹೋಗೋಕೆ ಇಷ್ಟ ಇಲ್ದಿದ್ರೆ ನನ್ನ ಕೈನ ಬಿಗಿಯಾಗಿ ಹಿಡ್ಕೊಳುತ್ತೆ. ತನ್ನೋರು ಅಂದ್ರೆ ತಾನಾಗೇ ಸಡಿಲ ಬಿಡುತ್ತೆ. ಬೆರಳು ಸುಳ್ಳು ಹೇಳಲ್ಲ."

ನಾನು ಹೇಳಹೊರಟಿರುವುದು ಆ ನಂಬಿಕೆ ಆಕೆಯನ್ನು ನಡುನೀರಿನಲ್ಲಿ ಕೈಬಿಟ್ಟ ದಿನದ ಸಂಗತಿ.

ಬೇಬಿ ಕ್ಲಾಸಿನಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಳು. ದುಂಡಗೆ, ಪುಟ್ಟಗೆ, ಎಲ್ಲಿ ಬಿಟ್ಟರೂ ಉರುಳಿಕೊಂಡು ಹೋಗುವಂಥವಳು. ಎಲ್ಲರೂ ಬಟಾಣಿ ಎನ್ನುತ್ತಿದ್ದರು. ತಾಯಿ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಐದಕ್ಕೆ ಕೆಲಸ ಬಿಟ್ಟು, ಐದೂ ಹತ್ತಕ್ಕೆ ಸೋಪಿನ ನೀರಿನಲ್ಲಿ ನೆನೆದು ಬೆಳ್ಳಗಾದ ಕೈಯನ್ನು ಗೇಟಿನೊಳಗೆ ಚಾಚುವಳು. ಅಲ್ಲಿಯವರೆಗೆ ಬಟಾಣಿ ಆಯಮ್ಮನ ಕೋಣೆಯಲ್ಲಿ ಆಡಿಕೊಂಡಿರುವಳು. ತಂದೆ ಬಣ್ಣ ಹಚ್ಚುವ ಕೆಲಸದವನು. ಗಂಡ ಹೆಂಡತಿ ಬೇರೆಯಾಗಿ ಕೆಲವು ತಿಂಗಳಾಗಿದ್ದವು. ಮಾತಿಗೆ ಮಾತು ಬೆಳೆದಾಗ ಒಮ್ಮೆ ಆತ, ಮಗುವನ್ನು ಎತ್ತಿಕೊಂಡು ತನ್ನ ಊರಿಗೆ ಹೋಗಿಬಿಡುತ್ತೇನೆ, ನೀನು ಮತ್ತೆ ಅದರ ಮುಖ ನೋಡಲಾರೆ ಎಂದಿದ್ದನಂತೆ. ತಾಯಿ ಹೆದರಿ ಶಾಲೆಗೆ ಕಾಗದ ತಂದು ಕೊಟ್ಟಳು: ಇನ್ನು ಮುಂದೆ ಮಗುವನ್ನು ನನ್ನೊಬ್ಬಳ ಕೈಗೆ ಮಾತ್ರ ಕೊಡಬೇಕು.

ದೊಡ್ಡ ಮೇಡಂ ಗೇಟಕ್ಕನನ್ನು ಕರೆದು ಕಾಗದ ಓದಿ ಹೇಳಿದರು. ಪುಸ್ತಕದಲ್ಲಿ ತಂದೆಯ ಕೈಯ ಮೇಲೆ ಗೀಟು ಹಾಕಲು ಹೇಳಿದರು. ಅಂದು ಸಂಜೆ ಆಕೆ ಆ ಪುಟ ತೆರೆದುಕೊಂಡು ಕುಳಿತಿದ್ದಳು.

"ಹಾಕು ಅಕ್ಕ, ಒಂದು ಗೀಟು ತಾನೆ" ಎಂದೆ.

"ಸತ್ತೋರ ಕೈ ಮೇಲೂ ಗೀಟು ಹಾಕಿಲ್ಲ ನಾನು. ಬದುಕಿರೋ ಅಪ್ಪನ ಕೈ ಮೇಲೆ ಹೇಗೆ ಹಾಕ್ಲಿ ಮೇಷ್ಟ್ರೇ? ನೆನಪಿಟ್ಕೋತೀನಿ ಬಿಡಿ."

ಪಕ್ಕದಲ್ಲಿ ಒಂದು ಚುಕ್ಕೆಯನ್ನಾದರೂ ಇಡು ಎಂದು ನಾನು ಅನ್ನಬಹುದಿತ್ತು, ಅನ್ನಲಿಲ್ಲ.

ಮೂರು ವಾರ ಕಳೆಯಿತು. ಒಂದು ಬುಧವಾರ ಮೂರರ ಗಂಟೆಯಾಗಿ ಗೇಟಿನ ಹೊರಗೆ ಜಾತ್ರೆಯಷ್ಟು ಜನ. ಕೈಗಳು ಒಂದರ ಹಿಂದೆ ಒಂದು ಒಳಗೆ ಬರುತ್ತಿದ್ದವು. ಮೂರೂ ಇಪ್ಪತ್ತರ ಹೊತ್ತಿಗೆ ಗದ್ದಲ ಕರಗಿತು. ನಾನು ಕೊನೆಯ ನೋಟ್‌ಬುಕ್ಕಿಗೆ ಸಹಿ ಹಾಕುತ್ತಿದ್ದೆ. ಆಯಮ್ಮ ಬಾಗಿಲಿಗೆ ಬಂದು ಕೇಳಿದಳು, "ಮೇಷ್ಟ್ರೇ, ಬಟಾಣಿ ನಿಮ್ಮ ಹತ್ರ ಇದಾಳಾ?"

ಇಲ್ಲವೆಂದೆ. ಆಕೆ ಗೇಟಿನ ಕಡೆ ತಿರುಗಿ ಕೂಗಿದಳು, "ಗೇಟಕ್ಕಾ, ಬಟಾಣಿ ಅಲ್ಲಿದಾಳೇನೇ?"

"ಅವಳದು ಪಿಕಪ್ ಆಯ್ತಲ್ಲೇ" ಎಂದು ಗೇಟಕ್ಕ ಅಲ್ಲಿಂದಲೇ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಆಕೆಯ ದನಿ ಕುಸಿಯಿತು. ಸ್ಟೂಲಿನಿಂದ ಎದ್ದವಳು ಹಾಗೆಯೇ ಮತ್ತೆ ಕುಳಿತಳು.

ನಾನು ಓಡಿಹೋದೆ.

"ಅವನ ಕೈ ಬಂತು ಮೇಷ್ಟ್ರೇ. ನನಗೆ ಗೊತ್ತಿರೋ ಕೈ. ಬಟಾಣಿ ನನ್ನ ಪಕ್ಕದಲ್ಲೇ ನಿಂತಿದ್ಲು, ನೋಡ್ತಿದ್ದ ಹಾಗೇ ನನ್ನ ಕೈ ಬಿಟ್ಟು ಹಾರಿದ್ಲು. ಬೆರಳು ಸಡಿಲ ಬಿಟ್ಲು, ನಾನೂ ಬಿಟ್ಟೆ. ಕಾಗದ ನೆನಪಿಗೇ ಬರಲಿಲ್ಲ."

ದೊಡ್ಡ ಮೇಡಂ ದಾಖಲಾತಿ ಅರ್ಜಿ ಹುಡುಕಿ ತಂದೆಯ ನಂಬರಿಗೆ ಫೋನು ಹಚ್ಚಿದರು. ರಿಂಗಾಗುತ್ತಲೇ ಇತ್ತು. "ಪಿಕಪ್ ಮಾಡ್ತಿಲ್ಲ" ಎಂದರು. ಮತ್ತೆ ಹಚ್ಚಿದರು. "ಪಿಕಪ್ ಮಾಡ್ತಿಲ್ಲ." ಮೂರನೆಯ ಸಲವೂ ಅದೇ ಮಾತು. ತಾಯಿಗೆ ತಿಳಿಸುವಂತಿರಲಿಲ್ಲ, ಲಾಂಡ್ರಿಯಲ್ಲಿ ಕೆಲಸದವರ ಫೋನುಗಳನ್ನು ಐದರ ತನಕ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

"ಐದೂ ಹತ್ತಕ್ಕೆ ಅವಳು ಬಂದು ಕೈ ಚಾಚ್ತಾಳೆ" ಎಂದಳು ಗೇಟಕ್ಕ. "ನಾನು ಏನು ಇಡಲಿ ಆ ಕೈಯೊಳಗೆ?"

ಮೇಡಂ ಕನ್ನಡಕ ತೆಗೆದು ಒರೆಸಿದರು. "ನಾಲ್ಕೂವರೆ ತನಕ ನೋಡೋಣ. ಸಿಗದಿದ್ರೆ ಪೊಲೀಸಿಗೆ ಹೇಳ್ತೀನಿ. ಆಮೇಲೆ ನೋಡು, ಯಾರು ಕೇಳಿದ್ರೂ ಅವನು ಬಲವಂತವಾಗಿ ಎಳ್ಕೊಂಡು ಹೋದ ಅನ್ನು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ಗೇಟಕ್ಕ ಪಿಕಪ್ ಪುಸ್ತಕ ಮುಚ್ಚಿಟ್ಟು ಎದ್ದಳು.

ಆತನ ಊರಿನ ಬಸ್ಸು ನಾಲ್ಕಕ್ಕೆ ಹೊರಡುತ್ತದೆಂದು ಶಾಲೆಯ ವ್ಯಾನಿನ ಡ್ರೈವರಿಗೆ ಗೊತ್ತಿತ್ತು. ವ್ಯಾನಣ್ಣ ಎಂದು ನಾವು ಕರೆಯುತ್ತಿದ್ದ ಆತ ಆಗಲೇ ವ್ಯಾನು ಚಾಲೂ ಮಾಡಿದ್ದ. ನಾನೂ ಗೇಟಕ್ಕನೂ ಹತ್ತಿದೆವು. ಬಸ್ ನಿಲ್ದಾಣ ಏರಿನ ಮೇಲಿತ್ತು. ಏರು ಬಂದದ್ದೇ ತಡ, ವ್ಯಾನು ಏದುಸಿರು ಬಿಡತೊಡಗಿತು.

"ಇನ್ನೂ ಜೋರಾಗಿ ಹೊಡಿಯಪ್ಪ."

"ಕಾಲು ನೆಲಕ್ಕೇ ಒತ್ತಿದೀನಿ ಅಕ್ಕ. ಪಿಕಪ್ ಇಲ್ಲ ಇದಕ್ಕೆ. ಎರಡು ವರ್ಷದಿಂದ ಮೇಡಂಗೆ ಹೇಳ್ತಾನೇ ಇದೀನಿ."

ತರಕಾರಿ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿಕೊಂಡು ಹೋಯಿತು. ಬೇರೆ ದಿನವಾಗಿದ್ದರೆ ಗೇಟಕ್ಕ ಅದಕ್ಕೊಂದು ಮಾತು ಹೇಳಿ ನಗಿಸುತ್ತಿದ್ದಳು. ಅಂದು ಆಕೆ ಎರಡು ಕೈಗಳಿಂದ ಮುಂದಿನ ಸೀಟಿನ ಕಂಬಿ ಹಿಡಿದು, ವ್ಯಾನನ್ನು ತಾನೇ ನೂಕುವವಳಂತೆ ಮುಂದಕ್ಕೆ ಬಾಗಿದ್ದಳು.

ನಿಲ್ದಾಣಕ್ಕೆ ಮುಟ್ಟಿದಾಗ ನಾಲ್ಕಕ್ಕೆ ಎರಡು ನಿಮಿಷವಿತ್ತು. ಬಸ್ಸು ಇನ್ನೂ ನಿಂತಿತ್ತು. ಗೇಟಕ್ಕ ಮುಂದಿನ ಬಾಗಿಲಿನಿಂದ ಹತ್ತಿದಳು, ನಾನು ಹಿಂದಿನ ಬಾಗಿಲಿನಿಂದ. ಒಂದೊಂದು ಸೀಟೂ ನೋಡಿದೆವು. ಸೀಟಿನ ಕೆಳಗೂ ನೋಡಿದೆವು. ಬಟಾಣಿ ಇರಲಿಲ್ಲ.

"ಬಣ್ಣದೋರು, ಜೊತೇಲಿ ಪುಟ್ಟ ಹುಡುಗಿ, ಹಳದಿ ಸ್ವೆಟರು. ನೋಡಿದ್ರಾ ಸ್ವಾಮಿ?" ಎಂದಳು ಗೇಟಕ್ಕ.

ಕಂಡಕ್ಟರು ಅಡ್ಡಡ್ಡ ತಲೆಯಾಡಿಸಿದ. "ಇದರಲ್ಲಿ ಇಲ್ಲಮ್ಮ. ಮೂರೂವರೆದು ಒಂದು ಹೋಯ್ತಲ್ಲ, ಅದರಲ್ಲಿ ಹೋದ್ರೇನೋ."

ಮೂರೂವರೆಯ ಬಸ್ಸಿನ ಸುದ್ದಿ ನಮಗೆ ಗೊತ್ತೇ ಇರಲಿಲ್ಲ. ನಮ್ಮ ಕಣ್ಣೆದುರಿಗೇ ನಾಲ್ಕರ ಬಸ್ಸೂ ಹೊರಟುಹೋಯಿತು. ಗೇಟಕ್ಕ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಆಕೆ ತಲೆ ತಗ್ಗಿಸಿ ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಏನನ್ನೋ ಹೆಬ್ಬೆರಳಿನಿಂದ ಉಜ್ಜಿದಳು. ಮೂಸಿ ನೋಡಿದಳು.

"ಮೇಷ್ಟ್ರೇ, ಇದು ನೋಡಿ."

ಅಂಗೈಯ ಅಂಚಿನಲ್ಲಿ ಹಸಿರು ಬಣ್ಣ ಹತ್ತಿತ್ತು. ಮುಟ್ಟಿದರೆ ಇನ್ನೂ ಅಂಟುತ್ತಿತ್ತು.

"ಬಟಾಣಿ ಹಾರೋವಾಗ ಅವನ ಕೈ ನನ್ನ ಕೈಗೆ ತಾಕಿದೆ. ಬಣ್ಣ ಹಸೀದು." ಆಕೆ ಎದ್ದು ನಿಂತಳು. "ಊರು ಬಿಟ್ಟು ಹೋಗೋನು ಕೈ ತೊಳ್ಕೊಂಡು ಹೋಗ್ತಾನೆ ಮೇಷ್ಟ್ರೇ. ಇವನು ಕೆಲಸದ ಮಧ್ಯ ಎದ್ದು ಬಂದಿದಾನೆ. ಬ್ರಷ್ಷು ಅಲ್ಲೇ ಎಲ್ಲೋ ಇಟ್ಟು ಬಂದಿದಾನೆ."

"ಹಸಿರು ಎಲ್ಲಿ ಹೊಡೀತಿದಾರೆ ಈಗ?" ಎಂದೆ.

ವ್ಯಾನಣ್ಣ ದಿನವಿಡೀ ಊರು ಸುತ್ತುವವನು. ಹಣೆ ಗಟ್ಟಿಸಿಕೊಂಡ. "ಹೊಳೆ ದಂಡೆ ಪಾರ್ಕು. ಬೇಲಿ ಕಂಬಿಗೆಲ್ಲ ಹಸಿರು. ಬೆಳಗ್ಗೆ ತಾನೇ ಅದರ ಮುಂದೆ ಬಂದೆನಲ್ಲ."

ಪಾರ್ಕು ಊರಿನ ಇನ್ನೊಂದು ತುದಿಯಲ್ಲಿತ್ತು. ಇಳಿಜಾರಾದ್ದರಿಂದ ವ್ಯಾನು ಈ ಸಲ ಓಡಿತು. ಆದರೆ ಪ್ರತಿಯೊಂದು ಕೂಡುರಸ್ತೆಯಲ್ಲೂ ಕೆಂಪು ದೀಪ. ಗೇಟಕ್ಕ ಒಂದೇ ಸಮನೆ ತನ್ನೊಳಗೇ ಮಾತಾಡಿಕೊಳ್ಳುತ್ತಿದ್ದಳು. "ಹೊಳೆ ಪಕ್ಕ. ಹೊಳೆ ಪಕ್ಕ ಆ ಮಗು. ಅವನು ಏಣಿ ಮೇಲಿದ್ರೆ ಇದನ್ನ ಯಾರು ನೋಡ್ಕೋತಾರೆ?" ಬಸ್ಸಿನ ಚಿಂತೆ ಹೋಗಿ ನೀರಿನ ಚಿಂತೆ ಬಂದಿತ್ತು. ನಾಲ್ಕೂ ಇಪ್ಪತ್ತೈದಕ್ಕೆ ಮೇಡಂ ನನಗೆ ಫೋನು ಮಾಡಿದರು. ಇನ್ನು ಹತ್ತು ನಿಮಿಷ ಕೊಡಿ ಎಂದು ಬೇಡಿಕೊಂಡೆ.

ಪಾರ್ಕಿನ ಬೇಲಿ ಉದ್ದಕ್ಕೆ ಹೊಳೆಯ ಪಕ್ಕದಲ್ಲೇ ಸಾಗಿತ್ತು. ಅರ್ಧ ಹೊಸ ಹಸಿರು, ಅರ್ಧ ಹಳೆಯ ತುಕ್ಕು. ಹಸಿರು ಮುಗಿದು ತುಕ್ಕು ಶುರುವಾಗುವ ಜಾಗದಲ್ಲಿ ಡಬ್ಬ, ಬ್ರಷ್ಷು, ಕಳಚಿಟ್ಟ ಒಂದು ಕೋಟು. ಆ ಕೋಟಿನ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು. ಮನುಷ್ಯರಿರಲಿಲ್ಲ.

ಗೇಟಕ್ಕ ನೀರಿನ ಕಡೆ ಓಡಿದಳು. ಐವತ್ತೈದರ ಹೆಂಗಸು ಹಾಗೆ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ.

ಆಗ ಪಾರ್ಕಿನ ನಲ್ಲಿಯ ಕಟ್ಟೆಯ ಆಚೆಯಿಂದ ಒಂದು ಪುಟ್ಟ ದನಿ ಕೇಳಿತು. "ಅಪ್ಪಾ, ಇಲ್ಲಿ ಒಣಗಿಹೋಯ್ತು. ಮತ್ತೆ ಹಚ್ಬೇಕು."

ಬಟಾಣಿ ಸಣ್ಣ ಡಬ್ಬದಲ್ಲಿ ನೀರು ತುಂಬಿಕೊಂಡು, ದೊಡ್ಡ ಬ್ರಷ್ಷು ಎರಡು ಕೈಯಲ್ಲಿ ಹಿಡಿದು, ಕಲ್ಲಿನ ಗೋಡೆಗೆ ನೀರು ಬಳಿಯುತ್ತಿದ್ದಳು. ಬಳಿದದ್ದು ಬಿಸಿಲಿಗೆ ಆರುತ್ತಿತ್ತು, ಮತ್ತೆ ಬಳಿಯುತ್ತಿದ್ದಳು. ತಂದೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದ. ನಮ್ಮನ್ನು ಕಂಡು ಎದ್ದ. ಓಡಲಿಲ್ಲ.

"ಬಿಟ್ಟು ಬರ್ತಿದ್ದೆ ಗೇಟಕ್ಕ. ಐದರೊಳಗೆ ತಂದು ಬಿಡ್ತಿದ್ದೆ. ನಾಲ್ಕು ತಿಂಗಳಾಯ್ತು ಇವಳನ್ನ ಮುಟ್ಟಿ."

"ಹೇಳಿ ಹೋಗ್ಬಾರ್ದಾ?"

"ಹೇಳಿದ್ರೆ ಕಳಿಸ್ತಿದ್ರಾ?"

ಅಷ್ಟು ಹೊತ್ತು ಬಿಗಿಹಿಡಿದದ್ದೆಲ್ಲ ಒಮ್ಮೆಲೇ ಕಿತ್ತುಕೊಂಡು ಬಂದು ಗೇಟಕ್ಕ ಅತ್ತಳು. ಬಟಾಣಿ ಅದನ್ನು ನೋಡಿ ಹೆದರಿ ಅಪ್ಪನ ಕೈ ಹಿಡಿದಳು. ಹೊತ್ತಾಗುತ್ತಿತ್ತು. ಗೇಟಕ್ಕ ಕಣ್ಣೊರೆಸಿಕೊಂಡು ಕೈ ಚಾಚಿದಳು. "ಬಾ ಕಂದ. ಅಮ್ಮ ಬರೋ ಹೊತ್ತು."

ಬಟಾಣಿಯ ಬೆರಳುಗಳು ತಂದೆಯ ಹಸಿರು ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದವು. ಗೇಟಕ್ಕ ಅದನ್ನು ನೋಡಿದಳು. ಚಾಚಿದ ಕೈ ಗಾಳಿಯಲ್ಲೇ ನಿಂತಿತು.

"ನನ್ನ ಕೈಲಿ ಬಿಡಿಸೋಕಾಗಲ್ಲ. ನೀವೇ ಬಿಡಿಸಿ ಕೊಡಿ" ಎಂದಳು.

ಆತ ಮೊಣಕಾಲೂರಿ ಕುಳಿತ. ಒಂದೊಂದೇ ಬೆರಳು ಬಿಡಿಸಿದ. ಮಗುವಿನ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಆ ಪುಟ್ಟ ಕೈಯನ್ನು ತಾನೇ ತಂದು ಗೇಟಕ್ಕನ ಕೈಯಲ್ಲಿಟ್ಟು, ನಮಗೆ ಬೆನ್ನು ಮಾಡಿ ಬಣ್ಣದ ಡಬ್ಬದ ಕಡೆ ನಡೆದ.

ನಾನು ಮೇಡಂಗೆ ಫೋನು ಮಾಡಿ ತಿಳಿಸಿದೆ. ಅವರು ಉಸಿರು ಬಿಟ್ಟದ್ದು ನನಗೆ ಇಲ್ಲಿಗೆ ಕೇಳಿಸಿತು. ಶಾಲೆ ಮುಟ್ಟಿದಾಗ ಐದಾಗಲು ಐದು ನಿಮಿಷ. ಮೇಡಂ ಬಟಾಣಿಯ ತಲೆ ಸವರಿ, ಗೇಟಕ್ಕನನ್ನು ಪಕ್ಕಕ್ಕೆ ಕರೆದು, "ಮಗು ಬಂತಲ್ಲ. ಇನ್ನು ಏನೂ ಹೇಳೋದು ಬೇಡ" ಎಂದರು.

ಐದೂ ಹತ್ತಕ್ಕೆ ಬೆಳ್ಳನೆಯ ಕೈ ಪುಟ್ಟ ಬಾಗಿಲಿನಿಂದ ಒಳಗೆ ಬಂತು. ಗೇಟಕ್ಕ ಬಟಾಣಿಯನ್ನು ಕೊಡಲಿಲ್ಲ. ದೊಡ್ಡ ಗೇಟಿನ ಅಗುಳಿ ತೆಗೆದು, ತಾನೇ ಬೀದಿಗೆ ಹೋಗಿ ಆ ತಾಯಿಯ ಮುಖದ ಎದುರು ನಿಂತಳು.

"ಮೂರು ಗಂಟೆಗೆ ಇವಳಪ್ಪನ ಕೈ ಬಂತು. ನಾನೇ ಕೊಟ್ಟೆ. ಕಾಗದ ಮರೆತು ಕೊಟ್ಟೆ. ಪಾರ್ಕಿನಿಂದ ವಾಪಸ್ ಕರ್ಕೊಂಡು ಬಂದಿದೀವಿ."

ತಾಯಿ ಮಗುವನ್ನು ಬಾಚಿ ಎತ್ತಿಕೊಂಡಳು. ಹಳದಿ ಸ್ವೆಟರಿನ ತೋಳಿಗೆ ಹತ್ತಿದ ಹಸಿರನ್ನು ನೋಡಿದಳು. ಬೈಯುತ್ತಾಳೆಂದುಕೊಂಡೆವು. ಬೈಯಲಿಲ್ಲ. ಮಗುವನ್ನು ಎತ್ತಿಕೊಂಡೇ ಮನೆಯ ಕಡೆ ನಡೆದಳು. ಬೈದಿದ್ದರೆ ಆ ರಾತ್ರಿ ಗೇಟಕ್ಕನಿಗೆ ಒಂದಿಷ್ಟು ನಿದ್ದೆಯಾದರೂ ಬರುತ್ತಿತ್ತೇನೋ.

ಮರುದಿನ ಬೆಳಿಗ್ಗೆ ಆ ತಾಯಿ ಮೇಡಂ ಕೋಣೆಗೆ ಹೋಗಲಿಲ್ಲ. ನೇರ ಗೇಟಕ್ಕನ ಹತ್ತಿರ ಬಂದು ನಿಂತಳು.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಅವರ ಕೈ ನೋಡಿದಾಗ ಇವಳು ಹೇಗೆ ಹೋದ್ಲು?"

ಸುಳ್ಳು ಹೇಳಲು ಗೇಟಕ್ಕನಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಆಕೆ ನನ್ನ ಮುಖವನ್ನೂ ನೋಡಲಿಲ್ಲ.

"ನನ್ನ ಕೈ ಬಿಟ್ಟು ಹಾರಿ ಹೋದ್ಲಮ್ಮ. ನೀವು ಬಂದಾಗ ಹೋಗೋ ಹಾಗೇ."

ತಾಯಿ ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದಳು. ಗೇಟಕ್ಕ ಅಂದೇ ಪುಸ್ತಕ ತೆರೆದು, ಆ ಪುಟದಲ್ಲಿ ತಂದೆಯ ಕೈಯ ಮೇಲೆ ಗೀಟು ಎಳೆದಳು. ಎಳೆಯುವಾಗ ಪೆನ್ಸಿಲಿನ ಮೊನೆ ಮುರಿಯಿತು. ಚೂಪು ಮಾಡಿಕೊಂಡು ಉಳಿದರ್ಧ ಎಳೆದಳು.

ಎರಡು ತಿಂಗಳ ಮೇಲೆ ತಾಯಿ ಇನ್ನೊಂದು ಕಾಗದ ತಂದಳು. ಶುಕ್ರವಾರ ಮಾತ್ರ, ಮೂರರಿಂದ ಐದರ ತನಕ, ತಂದೆ. ಅವರಿಬ್ಬರ ನಡುವೆ ಏನು ಮಾತಾಯಿತೋ ನಮಗೆ ತಿಳಿಯದು. ಗೇಟಕ್ಕ ಗೀಟನ್ನು ರಬ್ಬರಿನಿಂದ ಅಳಿಸಲಿಲ್ಲ. ಹೊಸ ಪುಟದಲ್ಲಿ ಆತನ ಕೈಯನ್ನು ಹೊಸದಾಗಿ ಬರೆದಳು.

ಆ ಬುಧವಾರದ ನಂತರ ಆಕೆ ಒಳಗೆ ಕೂರಲಿಲ್ಲ. ಬೀದಿಯಲ್ಲೇ ನಿಂತು, ಲಾರಿಗಳ ಧೂಳು ಕುಡಿಯುತ್ತ, ಮೊದಲು ಮುಖ, ಆಮೇಲೆ ಪುಸ್ತಕ, ಕೊನೆಗೆ ಕೈ ನೋಡುವಳು. "ಪಿಕಪ್, ಪಿಕಪ್" ಎಂಬ ಕೂಗು ಮೊದಲಿನಷ್ಟು ಜೋರಾಗಿರಲಿಲ್ಲ. ಶುಕ್ರವಾರ ಮೂರಕ್ಕೆ ಚೆನ್ನಾಗಿ ತೊಳೆದ ಕೈಯೊಂದು ಬರುತ್ತಿತ್ತು. ಬಟಾಣಿ ಹಾರಿ ಹೋಗುತ್ತಿದ್ದಳು. ಕಾಗದವಿತ್ತು, ಸಹಿಯಿತ್ತು, ಎಲ್ಲ ಸರಿಯಿತ್ತು. ಆದರೂ ಐದಕ್ಕೆ ಆ ಹಳದಿ ಸ್ವೆಟರು ಬೀದಿಯ ತಿರುವಿನಲ್ಲಿ ಕಾಣುವ ತನಕ ಗೇಟಕ್ಕನ ಬಲಗೈ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಇರುತ್ತಿತ್ತು. "ಕೂತ್ಕೋ ಅಕ್ಕ, ಬರ್ತಾರೆ" ಎಂದರೆ, "ಬರ್ತಾರೆ ಮೇಷ್ಟ್ರೇ, ಗೊತ್ತು" ಎನ್ನುವಳು. ಕೂರುತ್ತಿರಲಿಲ್ಲ.